ಸೊಸೆಯ ಅಕ್ಷರ

ಅತ್ತೆ ಓದಲು ಕಲಿತದ್ದು ಅರವತ್ತೆರಡನೇ ವಯಸ್ಸಿನಲ್ಲಿ, ಅದೂ ಸೊಸೆಯ ಚೀಟಿಗಳಿಂದ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಮನೆ ನಡೆಸಿದವರು. ಇಡೀ ಬೀದಿಯವರ ಎದೆ, ಸೊಂಟ, ತೋಳಿನ ಅಳತೆ ಅವರಿಗೆ ಬಾಯಿಪಾಠ. ಅಕ್ಷರದ ಗೊಡವೆಗೆ ಹೋದವರೇ ಅಲ್ಲ. ಸೊಸೆ ಅಚ್ಚುಕೂಟದಲ್ಲಿ ಕಂಪ್ಯೂಟರ್ ಮುಂದೆ ಪುಟ ಜೋಡಿಸುವವಳು. ‘ಹಾಲು ಕಾಯಿಸಿದೆ’, ‘ಮಾತ್ರೆ ಊಟದ ಮೇಲೆ’ ಎಂದು ಚೀಟಿ ಬರೆದು, ಓದಿ ಹೇಳಿ, ಡಬ್ಬಿಗೆ ಅಂಟಿಸಿ ಬಸ್ಸಿಗೆ ಓಡುತ್ತಿದ್ದಳು. ಎರಡು ವರ್ಷದಲ್ಲಿ ಅತ್ತೆ ಅವಳು ಓದಿ ಹೇಳುವುದಕ್ಕೂ ಕಾಯದಾದರು.

ಆದರೆ ಅವರಿಗೆ ಬರುತ್ತಿದ್ದದ್ದು ಸೊಸೆಯ ಕೈಬರಹ ಒಂದೇ, ಅಚ್ಚಿನ ಅಕ್ಷರ ತಲೆಗೆ ಹತ್ತುತ್ತಿರಲಿಲ್ಲ. ತಾವೇ ಕೂತು ಕಥೆ ಪುಸ್ತಕ ಓದಬೇಕೆಂಬ ಆಸೆ ಮಾತ್ರ ಬೆಟ್ಟದಷ್ಟು. ಒಂದು ಸಂಜೆ ಪುಸ್ತಕ ಪಕ್ಕಕ್ಕಿಟ್ಟು, ಇನ್ನು ಇದರ ಸಹವಾಸ ಸಾಕು ಎಂದುಬಿಟ್ಟರು.

“ನಿನ್ನ ಅಕ್ಷರ ಮಾತಾಡಿಸುತ್ತೆ. ಇವು ನೋಡು, ಗುರುತೇ ಇಲ್ಲದವರ ಥರ ಸಾಲಾಗಿ ನಿಂತಿವೆ.”

ಸೊಸೆ ಆ ಪುಸ್ತಕ ಎತ್ತಿಕೊಂಡು ಅಚ್ಚಿನ ಸಾಲುಗಳ ಮೇಲೆ ಬೆರಳಾಡಿಸಿದಳು.

ಅಚ್ಚುಕೂಟದಲ್ಲಿ ಕೈಬರಹದಂಥ ಫಾಂಟ್ ಒಂದಿತ್ತು. ಇಸ್ತ್ರಿ ಕಾಣದ ಅಂಗಿಯಂತೆ ಆರಾಮಾಗಿರುವ ಅಕ್ಷರ. ಹುಟ್ಟುಹಬ್ಬದ ಕಾರ್ಡಿಗೆ, ಜಾಮ್ ಬಾಟಲಿಗೆ ಸರಿ. ಎರಡು ಸಾಲು ಮೀರಿದರೆ ಕಣ್ಣು ನೋಯುತ್ತದೆಂದು ಯಜಮಾನರು ಅದನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅಂಥದ್ದನ್ನು ತನ್ನ ಅಕ್ಷರದಲ್ಲೇ ಮಾಡಿದರೇನು ಎಂದು ಅವಳಿಗೆ ಹೊಳೆಯಿತು. ಊಟದ ಬಿಡುವಿನಲ್ಲಿ ಕಾಗುಣಿತವೆಲ್ಲ ಬರೆದು, ಸ್ಕ್ಯಾನ್ ಮಾಡಿ, ಮೂರು ತಿಂಗಳು ಒದ್ದಾಡಿದಳು. ಒತ್ತಕ್ಷರಗಳಂತೂ ಜೀವ ಹಿಂಡಿದವು. ಬಾಲ ಎಳೆದ ಲ, ಮಗ್ಗುಲಿಗೆ ವಾಲುವ ಸಾಲು, ಒಂದನ್ನೂ ತಿದ್ದಲಿಲ್ಲ.

ಆ ಅಕ್ಷರದಲ್ಲಿ ಒಂದು ಕಥೆ ಮುದ್ರಿಸಿ ತಂದುಕೊಟ್ಟರೆ ಅತ್ತೆ ಕೂತ ಜಾಗದಲ್ಲೇ ನಾಲ್ಕು ಪುಟ ಮುಗಿಸಿದರು. ಆಮೇಲೆ ಶುರುವಾಯಿತು ಸೊಸೆಯ ಕಿತಾಪತಿ. ವಾರಕ್ಕೆ ಎರಡು ಅಕ್ಷರ ತೆಗೆದು, ಆ ಜಾಗದಲ್ಲಿ ಅಚ್ಚಿನ ಅಕ್ಷರ ಕೂರಿಸಿದಳು. ಒಂದು ವಾರ ಕ, ಗ. ಮುಂದಿನ ವಾರ ತ, ನ. ಅತ್ತೆ ಚಕಾರ ಎತ್ತದೆ ಹೊಸ ಹೊಸ ಕಥೆ ಓದುತ್ತಾ ಹೋದರು. ಆರೇಳು ತಿಂಗಳಲ್ಲಿ ಪುಟದ ಮೇಲೆ ಅವಳ ಕೈಯದು ಒಂದಕ್ಷರವೂ ಉಳಿಯಲಿಲ್ಲ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡು, ಅಂಗಡಿಯಿಂದ ನಿಜವಾದ ಕಥೆ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಅದೇ ಉತ್ಸಾಹದಲ್ಲಿ ಡಬ್ಬಿಗಳ ಹಳೇ ಚೀಟಿ ಕಿತ್ತು ಅಚ್ಚಾದವನ್ನು ಅಂಟಿಸಿದಳು.

ನಾಲ್ಕು ದಿನ ಕಳೆದು, ಬೆಳಿಗ್ಗೆ ನೋಡಿದರೆ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಒಂದು ಚೀಟಿ. ಅದೇ ಬಾಲ ಎಳೆದ ಲ, ಅದೇ ವಾಲಿದ ಸಾಲು. ಅಕ್ಷರ ತನ್ನದು, ಬರೆದವಳು ತಾನಲ್ಲ. ಅತ್ತೆ ಪೆನ್ನು ಹಿಡಿದದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ನೋಡಿ ತಿದ್ದಲು ಅವರಿಗಾದರೂ ಬೇರೆ ಯಾರ ಅಕ್ಷರವಿತ್ತು?

‘ನೀನು ಕ ಬದಲಾಯಿಸಿದ ದಿನವೇ ಗೊತ್ತಾಯಿತು. ಪುಸ್ತಕ ಅರ್ಧ ಓದಿದೆ, ಚೆನ್ನಾಗಿದೆ. ಡಬ್ಬಿ ಮೇಲಿನ ಚೀಟಿ ಮಾತ್ರ ನಿನ್ನ ಕೈಯಲ್ಲೇ ಬರಿ.’

ಬಸ್ಸು ತಪ್ಪಿದರೆ ತಪ್ಪಲಿ ಎಂದು ಸೊಸೆ ಅಲ್ಲೇ ಕೂತು ಪೆನ್ನು ಕೈಗೆತ್ತಿಕೊಂಡಳು.