ಮುನಿರಾಜಣ್ಣ ಹಾಕಿದ ಟಿಪ್ಪಣಿ

ಮುನಿರಾಜಣ್ಣ ಯಾವ ಕೈಪಿಡಿಯನ್ನೂ ಮೇಲಿನಿಂದ ಓದಿದವನಲ್ಲ. ಇಂಟರ್ನೆಟ್ಟಿನಲ್ಲಿ ಪುಟ ತೆರೆದ ಕೂಡಲೇ ಸರ್ರನೆ ತಳಕ್ಕಿಳಿದು, ಅಲ್ಲಿಂದ ಮೇಲಕ್ಕೆ ಓದುತ್ತ ಬರುತ್ತಿದ್ದ. "ಮೇಲಿರೋದು ಮಾಡ್ದೋರ ಮಾತು, ಗುರು. ಕೆಳಗಿರೋದು ಅನುಭವಿಸ್ದೋರ ಮಾತು," ಎನ್ನುವುದು ಅವನ ಸಮರ್ಥನೆ.

ಎರಡು ಸಾವಿರದ ಇಸವಿಯ ಆಸುಪಾಸು. ಕಾಕ್ಸ್‌ಟೌನಿನ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಕೂತು ಮುನಿರಾಜಣ್ಣನೂ ಸೇರಿ ನಾವು ಕೆಲವರು ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಬಳಸುತ್ತಿದ್ದುದು ಜಗತ್ತಿನ ಯಾರ್ಯಾರೋ ಸೇರಿ ಕಟ್ಟಿ ಪುಕ್ಕಟೆ ಹಂಚಿದ ಪ್ರೋಗ್ರಾಮಿಂಗ್ ಭಾಷೆ. ಅದರ ಕೈಪಿಡಿಯ ಪ್ರತಿ ಪುಟದಡಿಯಲ್ಲೂ ಬಳಸಿದವರು ತಮ್ಮ ಟಿಪ್ಪಣಿ ಸೇರಿಸಬಹುದಿತ್ತು. ಮುನಿರಾಜಣ್ಣನ ಮನೆಯವರು ಕೆ.ಆರ್. ಪುರದ ಕಡೆ ರಾಗಿ ಬೆಳೆದವರು; ಹೊಲವೆಲ್ಲ ಸೈಟಾದ ಮೇಲೆ ಅವನಿಗೆ ದುಡಿಯಲೇಬೇಕೆಂಬ ದರ್ದಿರಲಿಲ್ಲ. ಬಾವಿಗಿಳಿಯುವವರಿಗೆ 'ಇಲ್ಲಿ ಜಾರುತ್ತೆ, ನೋಡ್ಕೊಂಡು ಇಳೀರಿ' ಎನ್ನುವ ಹಾಗೆ ಟಿಪ್ಪಣಿ ಬರೆಯುವುದೇ ಅವನ ಖುಷಿ.

ಅವನದೊಂದು ಟಿಪ್ಪಣಿ ಹೆಸರು ಮಾಡಿತು. ಬೇಡದ ಹಳೆಯ ಫೈಲುಗಳನ್ನು ಒಂದೇ ಸಾಲಿನಲ್ಲಿ ಅಳಿಸುವ ಉಪಾಯ ಅದು. ಯಾವ್ಯಾವ ದೇಶದವರೋ 'ಥ್ಯಾಂಕ್ಯೂ ಮುನಿರಾಜು' ಎಂದು ಬರೆದರು. ಹಾಗೆ ಯಾರಾದರೂ ಬರೆದಾಗಲೆಲ್ಲ ನಮಗೆ ಅವನ ಖರ್ಚಿನಲ್ಲಿ ಕೆಳಗಿನ ಬೇಕರಿಯಿಂದ ಸಿಹಿ ದಿಲ್‌ಪಸಂದ್. ಅಯ್ಯೋ, ತಿಂದೂ ತಿಂದೂ ನಾಲಿಗೆ ಜಡ್ಡುಗಟ್ಟಿತ್ತು.

ಆಮೇಲೆ ಆ ಭಾಷೆಯ ಹೊಸ ಆವೃತ್ತಿ ಬಂತು. ಅದರಲ್ಲಿ ಅದೇ ಸಾಲು ಹಳತು ಹೊಸತೆನ್ನದೆ ಇಡೀ ಫೋಲ್ಡರನ್ನೇ ಗುಡಿಸಿಹಾಕುತ್ತಿತ್ತು. ಅವನಿಗೆ ಇದು ಗೊತ್ತಾದದ್ದು ದೂರದೇಶದ ಒಬ್ಬ ಶಾಲಾ ಮೇಷ್ಟ್ರು ಮೇಲ್ ಕಳಿಸಿದಾಗ. ನಿಮ್ಮನ್ನು ನಂಬಿ ಮಕ್ಕಳ ಅಂಕಗಳನ್ನೆಲ್ಲ ಕಳೆದುಕೊಂಡೆ ಎಂದು ಬರೆದಿದ್ದರು. ಬೈದಿರಲಿಲ್ಲ, ಪಾಪ. ಬೈದಿದ್ದರೇ ವಾಸಿಯಿತ್ತು.

ಟಿಪ್ಪಣಿ ಸೇರಿಸಲು ಬಟನ್ ಇತ್ತು, ತೆಗೆಯಲು ಇರಲಿಲ್ಲ. ಪುಟ ನೋಡಿಕೊಳ್ಳುವ ಸ್ವಯಂಸೇವಕರಿಗೆ ಬರೆದ, ಉತ್ತರವಿಲ್ಲ. ಮೇಲಿನದನ್ನು ಬಳಸಬೇಡಿ ಎಂದು ಅಡಿಯಲ್ಲೇ ತಿದ್ದುಪಡಿ ಹಾಕಿದ. ಒಂದೇ ವಿಷಯಕ್ಕೆ ಎರಡು ಟಿಪ್ಪಣಿ ಯಾಕೆಂದು ಆ ಸ್ವಯಂಸೇವಕರು ತಿದ್ದುಪಡಿಯನ್ನೇ ತೆಗೆದು, ಎಲ್ಲರೂ ಮೆಚ್ಚಿದ ಹಳೆಯದನ್ನು ಉಳಿಸಿಕೊಂಡರು. ಮತ್ತೆ ಹಾಕಿದ, ಮತ್ತೆ ಹೋಯಿತು. ನನ್ನ ಹೆಸರಿನಲ್ಲಿ ನಾನೂ ಹಾಕಿದೆ, ಅದೂ ಹೋಯಿತು. ನನಗೆ ಮೈಯೆಲ್ಲ ಉರಿಯಿತು. ಅವನಿಗೆ ಸಿಟ್ಟೂ ಬರಲಿಲ್ಲ, ಆ ಮೇಷ್ಟ್ರ ಮೇಲನ್ನೇ ಮತ್ತೆ ತೆರೆದು ಓದಿದ.

"ಬಿಡಣ್ಣ, ನೋಡ್ಕೊಂಡು ಬಳಸ್ಬೇಕಾಗಿದ್ದು ಅವ್ರು," ಎಂದೆ.

"ಹಂಗನ್ಬೇಡ. ನಾನೇ ಹೇಳಿದ್ದು, ನನಗೇ ವಾಪಸ್ ತಗೊಳ್ಳೋಕೆ ಆಗ್ತಿಲ್ವಲ್ಲ," ಎಂದ.

ಅದಾದ ಮೇಲೆ ಅವನು ಯಾವ ಪುಟಕ್ಕೂ ಟಿಪ್ಪಣಿ ಬರೆಯಲಿಲ್ಲ. ಆಫೀಸು ಮುಚ್ಚಿತು, ನಾವೆಲ್ಲ ಚದುರಿದೆವು. ಒಮ್ಮೆ ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನಲ್ಲಿ ಸಿಕ್ಕಿದ. ತುಂಬ ಸೊರಗಿದ್ದ. ಏನಾಯ್ತಣ್ಣ ಎಂದರೆ ಸಕ್ಕರೆ ಕಾಯಿಲೆ ಎಂದು ಮಾತು ಹಾರಿಸಿ, ಈಗಲೂ ದಿನಾ ಬೆಳಗ್ಗೆ ಆ ಪುಟ ತೆರೆದು ನೋಡುತ್ತೇನೆ ಎಂದ. ಅಷ್ಟರಲ್ಲಿ ನನ್ನ ಬಸ್ಸು ಬಂತು. "ನೀನೂ ಆಗಾಗ ನೋಡ್ತಿರು," ಎಂದು ಕೈ ಹಿಡಿದುಕೊಂಡ.

ಅವನು ಹೋದ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಏನು ಮಾಡಬೇಕೆಂದು ತೋಚದೆ ಆ ಪುಟ ತೆರೆದೆ. ಅವನ ಹೆಸರೂ ಆ ಸಾಲೂ ಹಾಗೇ ಇದ್ದವು. ಅದರ ಕೆಳಗೆ ಯಾರೋ ಹೊಸಬರು ಬರೆದಿದ್ದರು: ಮುನಿರಾಜು ಸಾರ್, ನೀವು ಹೇಳಿದ ಹಾಗೇ ಮಾಡಿದೆ, ನನ್ನದೆಲ್ಲ ಹೋಯಿತು, ಈಗೇನು ಮಾಡಲಿ?

ಅವರು ಈಗಿಲ್ಲ, ದಯವಿಟ್ಟು ಆ ಸಾಲನ್ನು ಯಾರೂ ಬಳಸಬೇಡಿ ಎಂದು ಬರೆದೆ. ಮಾರನೆಯ ದಿನ ನೋಡಿದರೆ ಸ್ವಯಂಸೇವಕರು ಎಂದಿನಂತೆ ನನ್ನ ಉತ್ತರವನ್ನು ತೆಗೆದಿದ್ದರು. ಆ ಹೊಸಬರು ಇನ್ನೂ ಮುನಿರಾಜಣ್ಣನನ್ನೇ ಕೇಳುತ್ತಿದ್ದರು.