ರಂಗಣ್ಣನ ಹಿಮ್ಮಡಿಯ ಕಪ್ಪು ಕಲೆ

ಕಳೆದ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ, ದಂಡಿನಶಿವರದ ಬಳಿಯ ಸಮುದಾಯ ಭವನವೊಂದರಲ್ಲಿ, ಇಪ್ಪತ್ತಕ್ಕೂ ಹೆಚ್ಚು ಹಿರಿಯರು ಕನ್ನಡಿ ಹಿಡಿದು ತಮ್ಮ ಅಂಗಾಲು ನೋಡಿಕೊಂಡರು.

ನೋಡಿಸಿದವರು ನರ್ಸ್ ಸುಜಾತಾ. ಚರ್ಮದ ಕ್ಯಾನ್ಸರನ್ನು ಮನೆಯಲ್ಲೇ ಅನುಮಾನಿಸುವುದು ಹೇಗೆ ಎಂಬುದು ಅಂದಿನ ಪಾಠ. ಹೊಸ ಕಲೆ, ಅಂಚು ಸೊಟ್ಟಗಾದ ಮಚ್ಚೆ, ಮಾಯದ ಹುಣ್ಣು ಕಂಡರೆ ಬಂದು ತೋರಿಸಬೇಕು. ಅಂಗಾಲನ್ನೂ ಬಿಡಬಾರದು. (ನಾವು ಅಂಗಾಲು ನೋಡಿಕೊಳ್ಳುವುದು ಮುಳ್ಳು ಚುಚ್ಚಿದಾಗ ಮಾತ್ರ, ಅಲ್ಲವೇ?)

"ಬೆನ್ನು ಕಾಣದಿದ್ರೆ ಮನೆಯವ್ರಿಗೆ ತೋರ್ಸಿ."

"ನಲವತ್ತು ವರ್ಸದಿಂದ ಬೆನ್ನೇ ತೋರ್ಸ್ಕೊಂಡು ಮಲ್ಗಿವ್ನಿ ಕಣವ್ವ. ಅವ್ಳಿಗೆ ಬಾಯಿಪಾಠ!"

ಹೀಗೆಂದವರು ನನ್ನ ಸೋದರಮಾವ ರಂಗಣ್ಣ. ಎಪ್ಪತ್ತೆರಡು ವರ್ಷ. ಬೈಕಿನಲ್ಲಿ ಕರೆತಂದವನು ನಾನು. ತೋಟದಿಂದ ತೋಟಕ್ಕೆ ಹೋಗಿ ತೆಂಗಿನಕಾಯಿ ಸುಲಿಯುವುದು ಅವರ ಕಸುಬಾಗಿತ್ತು. ಬರಿಗಾಲು, ಕೆಳಗೆ ಸುಲಿದ ಹಸಿ ಮಟ್ಟೆಯ ರಾಶಿ; ಅದರ ರಸ ತಾಗಿದಲ್ಲೆಲ್ಲ ಕಪ್ಪು ಕರೆ.

ಸುಜಾತಾ ಮಾವನ ಬಲಗಾಲು ಎತ್ತಿದರು. ಹಿಮ್ಮಡಿಯಲ್ಲಿ ಎಂಟಾಣೆ ಅಗಲದ ಕಪ್ಪು ಕಲೆ. ಸ್ಪಿರಿಟ್ ಹತ್ತಿಯಲ್ಲಿ ಉಜ್ಜಿದರು. ಹೋಗಲಿಲ್ಲ.

"ಮಟ್ಟೆ ಕರೆ ಕಣವ್ವ. ಸೋಪಾಕಿದ್ರೂ ಹೋಗಾಕಿಲ್ಲ, ಬುಡು."

ನಾನೂ ಹೌದೆಂದು ತಲೆಯಾಡಿಸಿದೆ. ಕಾಯಿ ಸುಲಿಯುವವರ ಕೈಕಾಲು ಕಪ್ಪಗಿರುವುದು ಇಲ್ಲಿ ಸುದ್ದಿಯೇ? ಕರೆ ತೋರಿಸಲು ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ?

"ಕೆಲಸ ಬಿಟ್ಟು ಎಷ್ಟು ವರ್ಷ ಆಯ್ತು ತಾತ?"

"ಮೊಮ್ಮಗಳು ಮದ್ವೆ ವರ್ಸ ಬುಟ್ಟೆ. ನಾಕಾಯ್ತು."

"ಕೈ ತೋರ್ಸಿ."

ಮಾವ ಎರಡೂ ಅಂಗೈ ಚಾಚಿದರು. ಬೆಳ್ಳಗಿದ್ದವು.

"ಇಲ್ಲಿದ್ದ ಕರೆ?"

"ಅದು ಆ ವರ್ಸ್ವೇ ಹೋಯ್ತು."

"ಹಂಗಾದ್ರೆ ಕಾಲಿಂದ್ಯಾಕೆ ಹೋಗ್ಲಿಲ್ಲ?"

ಮಾವ ಕನ್ನಡಿ ತೆಗೆದುಕೊಂಡು ಹಿಮ್ಮಡಿಯನ್ನು ಮತ್ತೊಮ್ಮೆ ನೋಡಿದರು. "ಮೊದ್ಲು ಇಷ್ಟಗಲ ಇರ್ಲಿಲ್ಲ ಕಣ್ಲಾ," ಎಂದರು ನನಗೆ. ನಾನು ವಾರಕ್ಕೆರಡು ಸಲ ಅವರ ಜಗಲಿಯಲ್ಲಿ ಕೂತು ಕಾಫಿ ಕುಡಿಯುವವನು. ಕಾಲು ಚಾಚಿ ಕೂರುವುದು ಅವರ ರೂಢಿ. ಆ ಕಲೆಯನ್ನು ನಾನು ಎಷ್ಟು ಸಲ ನೋಡಿರಬೇಡ?

ಎರಡು ದಿನದ ಮೇಲೆ ತುಮಕೂರಿನಲ್ಲಿ ಬಯಾಪ್ಸಿ ಆಯಿತು. ವರದಿ ಬಂತು: ಮೆಲನೋಮಾ, ಚರ್ಮದ ಕ್ಯಾನ್ಸರ್.

ಮಾವನ ಜೊತೆ ಕಾಯಿ ಸುಲಿಯುತ್ತಿದ್ದ ನಾಲ್ವರು ಮಾರನೆಯ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಕಾಲು ತೋರಿಸಿದರು. ನಾಲ್ವರದ್ದೂ ಕರೆಯೇ. ಉಜ್ಜಿದಾಗ ಬಣ್ಣ ತಿಳಿಯಾಯಿತು.

ಮಾವನ ಸ್ಕ್ಯಾನ್ ಈ ಬುಧವಾರ ಆಗಿದೆ. ಕ್ಯಾನ್ಸರ್ ತೊಡೆಸಂದಿಯ ಗ್ರಂಥಿಗಳಿಗೆ ಹರಡಿದ ಗುರುತು ಕಂಡಿಲ್ಲ. ಹಿಮ್ಮಡಿಯ ಒಂದು ಭಾಗ ತೆಗೆಯಲು ಸೋಮವಾರ ದಿನ ಕೊಟ್ಟಿದ್ದಾರೆ.