ಕಡತದ ಬದಲು ಕೂಸು ತಂದ ಡಾಕ್ಟರು

ಬೆಳಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಬಂದರುಕಟ್ಟೆಯ ಮೇಲೆ ಅರವತ್ತೊಂದರ ಹೆಂಗಸೊಬ್ಬರು ಕಡುನೀಲಿ ಬಣ್ಣದ ಕೂಸಿನ ಗಾಡಿ ತಳ್ಳಿಕೊಂಡು ಬರುತ್ತಾರೆ. ಗಾಳಿಗೆ ಟೊಪ್ಪಿ ಹಾರದಂತೆ ಒಂದು ಕೈ ತಲೆಯ ಮೇಲಿದೆ. ಗಾಡಿಯಲ್ಲಿ ಕೂಸಿಲ್ಲ. ಮಕ್ಕಳನ್ನು ತೂಗುವ ತಕ್ಕಡಿ, ಲಸಿಕೆಯ ಪೆಟ್ಟಿಗೆ, ಎತ್ತರ ಅಳೆಯುವ ಪಟ್ಟಿ, ಧೈರ್ಯವಂತರಿಗೆ ಕೊಡಲು ಒಂದು ಡಬ್ಬಿ ಸ್ಟಿಕ್ಕರು, ಇಷ್ಟೇ.

“ಏನ್ ಗುನ್ವರ್, ಇವತ್ತು ಯಾರ ಮನೆ ಮಗು ಎತ್ಕೊಂಡ್ ಬಂದೆ?” ಫೆರಿಯ ಹಗ್ಗ ಬಿಚ್ಚುತ್ತಿರುವ ಪಾಲೆ ಅಲ್ಲಿಂದಲೇ ಕೂಗುತ್ತಾನೆ.

“ನಿಮ್ಮನೇದಲ್ಲ ಬಿಡು. ನಿಮ್ಮನೇದಾಗಿದ್ರೆ ಇಷ್ಟು ಸುಮ್ನೆ ಮಲಗ್ತಿತ್ತಾ?”

ನವೆಂಬರಿನಿಂದ ಪ್ರತಿ ಗುರುವಾರ ಇದೇ ಪ್ರಶ್ನೆ, ಇದೇ ಉತ್ತರ. ಏಕೆಂಬುದಕ್ಕೆ ಆಮೇಲೆ ಬರುತ್ತೇನೆ.

ಗುನ್ವರ್ ಥೀಸ್ಟ್ರುಪ್ ಮಕ್ಕಳ ಡಾಕ್ಟರು. ವಾರದ ನಾಲ್ಕು ದಿನ ಆಸ್ಪತ್ರೆಯಲ್ಲಿರುತ್ತಾರೆ. ಗುರುವಾರ ಮಾತ್ರ ಕ್ರಾಗೊ ದ್ವೀಪಕ್ಕೆ ಹೋಗಿ, ಶಾಲೆಯ ಹೊಲಿಗೆ ಕೋಣೆಯಲ್ಲಿ ಕೂತು ಅಲ್ಲಿನ ನಲವತ್ತೊಂದು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಡೆನ್ಮಾರ್ಕಿನಲ್ಲಿ ಡಾಕ್ಟರಾಗಲಿ ಮಂತ್ರಿಯಾಗಲಿ ಹೆಸರು ಹಿಡಿದೇ ಕರೆಯುವುದು. ಇಪ್ಪತ್ತೆರಡು ವರ್ಷದಿಂದ ಇಲ್ಲಿದ್ದರೂ ನನಗೆ ಮಾತ್ರ ಅದು ಬಾಯಿಗೆ ಬಂದಿಲ್ಲ. ನನ್ನ ಮಗಳ ಕಿವಿನೋವಿನ ಕಾಲದಿಂದಲೂ ನಾನು ‘ಡಾಕ್ಟ್ರೇ’ ಎಂದೇ ಕರೆಯುವುದು. ಅವರು ಪ್ರತಿ ಸಲ ಹಿಂದೆ ತಿರುಗಿ, ಬೇರೆ ಯಾರು ಬಂದರೆಂದು ನೋಡುತ್ತಾರೆ.

ಅವರಿಗೆ ಇನ್ನೊಂದು ಕೆಲಸವಿದೆ. ಅದಕ್ಕೆ ಸಂಬಳವೂ ಇಲ್ಲ, ಮರ್ಯಾದೆಯೂ ಇಲ್ಲ. ಸರ್ಕಾರ ಯಾವುದೇ ನಿಯಮ ತರುವ ಮೊದಲು ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ಸುತ್ತೋಲೆ ಕಳಿಸುತ್ತದೆಯಲ್ಲ, ಅದಕ್ಕೆಲ್ಲ ನಿಜವಾಗಿಯೂ ಅಭಿಪ್ರಾಯ ತಿಳಿಸುವ ಪ್ರಾಣಿ ಇವರೊಬ್ಬರೇ. ಒಂಬತ್ತು ವರ್ಷದಲ್ಲಿ ಅರವತ್ತಮೂರು ಪತ್ರ ಬರೆದಿದ್ದಾರೆ. ಶಾಲೆಯ ಹಲ್ಲಿನ ತಪಾಸಣೆ, ಮಕ್ಕಳ ಮನೋವೈದ್ಯರ ಕಾಯುವ ಪಟ್ಟಿ, ಒಂದನ್ನೂ ಬಿಟ್ಟಿಲ್ಲ. ಅರವತ್ತಮೂರರಲ್ಲಿ ಸರ್ಕಾರ ಒಪ್ಪಿದ್ದು ಎಷ್ಟು?

“ಒಂದು,” ಎನ್ನುತ್ತಾರೆ, ಫೆರಿಯ ಕಾಫಿ ಕುಡಿಯುತ್ತ. “ಮಕ್ಕಳ ವಾರ್ಡಲ್ಲಿ ಕೈ ತೊಳಿಯೋ ತೊಟ್ಟಿ ಒಂದು ಗೇಣು ಕೆಳಗಿಳೀತು. ಹೋಗಿ ನೋಡಿ, ಚೆನ್ನಾಗಿದೆ.”

ಹೋದ ಶರತ್ಕಾಲದಲ್ಲಿ ಬಂದದ್ದು ಅರವತ್ತನಾಲ್ಕನೆಯ ಸುತ್ತೋಲೆ. ಆಸ್ಪತ್ರೆಯಿಂದ ಇಪ್ಪತ್ತು ಕಿಲೋಮೀಟರಿನೊಳಗಿರುವ ಊರುಗಳಲ್ಲಿ ಮಕ್ಕಳ ಡಾಕ್ಟರರ ಭೇಟಿ ನಿಲ್ಲಿಸಬೇಕೆಂದು ಪ್ರಾಂತ್ಯದ ಪ್ರಸ್ತಾವ. ನಕ್ಷೆಯ ಮೇಲೆ ಸ್ಕೇಲಿಟ್ಟರೆ ಕ್ರಾಗೊ ಹತ್ತೊಂಬತ್ತು ಕಿಲೋಮೀಟರು. ಸ್ಕೇಲಿಗೆ ಸಮುದ್ರ ಕಾಣುವುದಿಲ್ಲವಲ್ಲ! ಗಾಳಿ ಎದ್ದ ದಿನ ಫೆರಿ ಹೊರಡುವುದಿಲ್ಲ. ಆ ಸುತ್ತೋಲೆಗೂ ಮುಂಚಿನ ಜನವರಿಯಲ್ಲಿ ಎರಡು ದಿನ ಹೊರಡಲಿಲ್ಲ. ದ್ವೀಪದ ತೀರಾ ಎಂಬಾಕೆಯ ನಾಲ್ಕು ವರ್ಷದ ಮಗ ವಿಲ್ಲಾಸನಿಗೆ ಉಬ್ಬಸ ಕೆರಳಿದ್ದು ಅದೇ ಎರಡು ದಿನ.

“ಔಷಧಿ ಮನೇಲಿತ್ತು, ಹೇಗೆ ಕೊಡಬೇಕು ಅಂತ ಹಿಂದಿನ ಗುರುವಾರಾನೇ ಗುನ್ವರ್ ಹೇಳ್ಕೊಟ್ಟಿದ್ಲು,” ಎನ್ನುತ್ತಾಳೆ ತೀರಾ. “ಇಲ್ದಿದ್ರೆ ನನ್ನ ಮಗ ಉಳೀತಿದ್ನೋ ಇಲ್ವೋ. ಅದನ್ನ ನೆನೆಸ್ಕೊಳ್ಳೋಕೂ ನಂಗಿಷ್ಟ ಇಲ್ಲ.”

ಗುನ್ವರ್ ಈ ಸಲ ಬರೀ ಪತ್ರ ಬರೆಯಲಿಲ್ಲ. ಇನ್ನೂರು ಪುಟದ ವರದಿ ಬರೆದು, ಏಳು ಪ್ರತಿ ಮಾಡಿಸಿ, ಆರೋಗ್ಯ ಸಮಿತಿಯ ಮುಂದೆ ಹದಿನೈದು ನಿಮಿಷ ಮಾತಾಡಲು ಸಮಯ ಕೇಳಿದರು. ಸಿಕ್ಕಿತು. ಬೆನ್ನುನೋವಿನವರು, ಹೊರೆ ಹೊರಲಾಗುವುದಿಲ್ಲ. ಅದೇ ಗಾಡಿಯಲ್ಲಿ ಕಡತಗಳನ್ನಿಟ್ಟು, ಮಳೆ ತಾಗದಂತೆ ಕಂಬಳಿ ಹೊದಿಸಿ ಹೊರಟರು. ಬರಿಗೈಯಲ್ಲಿ ಹೇಗೆ ಹೋಗುವುದೆಂದು ದಾರಿಯ ಬೇಕರಿಯಲ್ಲಿ ಏಲಕ್ಕಿ ಬನ್ನು ಕೊಳ್ಳಲು ನಿಂತರು. ಗಾಡಿಯನ್ನು ಹೊರಗೆ ಬಿಟ್ಟರು.

ನಮ್ಮೂರಿನಲ್ಲಿ ಕೂಸು ಮಲಗುವುದು ಹೊರಗಿನ ಗಾಳಿಯಲ್ಲಿ. ಅಪ್ಪ ಅಮ್ಮ ಒಳಗೆ ಕಾಫಿ ಕುಡಿಯುತ್ತಾರೆ, ಮಕ್ಕಳು ಬಾಗಿಲಾಚೆ ಸಾಲಾಗಿ ಗೊರಕೆ ಹೊಡೆಯುತ್ತವೆ. ಗಾಡಿಗಳೆಲ್ಲ ಕಡುನೀಲಿ, ಏಕೆಂದರೆ ಪಕ್ಕದ ಮನೆಯವರದ್ದಕ್ಕಿಂತ ಬೇರೆ ಬಣ್ಣದ್ದು ಕೊಂಡು ಎದ್ದು ಕಾಣುವುದು ಇಲ್ಲಿ ಯಾರಿಗೂ ಇಷ್ಟವಿಲ್ಲ. ಬನ್ನಿನ ಪೊಟ್ಟಣ ಹಿಡಿದು ಗಡಿಬಿಡಿಯಲ್ಲಿ ಹೊರಬಂದ ಗುನ್ವರ್ ಒಂದು ಗಾಡಿ ತಳ್ಳಿಕೊಂಡು ಹೊರಟರು.

“ಭಾರ ಗೊತ್ತಾಗ್ಲಿಲ್ವಾ ಡಾಕ್ಟ್ರೇ? ಮೂವತ್ತನಾಲ್ಕು ವರ್ಷ ಮಕ್ಕಳನ್ನೇ ತೂಗಿದ್ದೀರಿ!” ಎಂದು ಕೇಳುತ್ತೇನೆ.

“ಭಾರ ಸರಿಯಾಗೇ ಇತ್ತು ಕಣ್ರೀ, ಅದೇ ಆಗಿದ್ದು ಎಡವಟ್ಟು. ಏಳು ಪ್ರತಿ ಕಡತ, ಆರು ತಿಂಗಳ ಕೂಸು, ಎರಡೂ ಏಳು ಕಿಲೋ.”

ಸಮಿತಿಯ ಏಳು ಜನ ಮೇಜಿನ ಸುತ್ತ ಕೂತಿದ್ದರು. ಅಧ್ಯಕ್ಷ ಎಗಾನ್ ಡಾಲ್ಸ್‌ಗೋರ್ ಗಡಿಯಾರ ನೋಡಿ, “ಶುರು ಮಾಡು ಗುನ್ವರ್” ಎಂದ. ಗುನ್ವರ್ ಗಂಭೀರವಾಗಿ, “ನನ್ನ ಹತ್ರ ಇರೋ ಪುರಾವೆ ನೋಡಿ” ಎಂದು ಕಂಬಳಿ ಎತ್ತಿದರು. ಪುರಾವೆ ಕಣ್ಣು ಬಿಟ್ಟು, ಏಳೂ ಜನರನ್ನು ಒಂದು ಸುತ್ತು ನೋಡಿ, ಸೂರು ಹಾರಿಹೋಗುವಂತೆ ಅತ್ತಿತು.

“ಇದು ಯಾರದ್ದು?” ಎಂದ ಎಗಾನ್.

“ಅಯ್ಯೋ, ನಂಗೆ ಗೊತ್ತಿಲ್ಲ!”

ಗುಮಾಸ್ತೆ ಬೋಡಿಲ್ ಬೇಕರಿಯತ್ತ ಓಡಿದಳು. ಕೂಸು ಅತ್ತೂ ಅತ್ತೂ ಕೆಮ್ಮಿತು, ಕೆಮ್ಮಿ ಕೆಂಪಾಯಿತು. ಗುನ್ವರ್ ಎತ್ತಿಕೊಂಡು ಬೆನ್ನಿಗೆ ಕಿವಿಯಿಟ್ಟರು. “ನೆಗಡಿ ಅಷ್ಟೇ. ಆದ್ರೆ ಇದರ ಅಪ್ಪ ಅಮ್ಮ ಅಲ್ಲಿ ಎದೆ ಒಡ್ಕೊಂಡಿರ್ತಾರೆ. ತಪ್ಪು ನಂದು, ನಾನೂ ಓಡ್ತೀನಿ. ಎಗಾನ್, ಹಿಡ್ಕೊ,” ಎಂದು ಕೂಸನ್ನು ಅಧ್ಯಕ್ಷನ ಕೈಗೆ ಕೊಟ್ಟು ಬಾಗಿಲತ್ತ ತಿರುಗಿದರು. ಕೂಸು ಮತ್ತೆ ಕೆಮ್ಮಿತು.

ಸಾವಿರಾರು ಹಾಸಿಗೆಗಳ ಲೆಕ್ಕ ನೋಡುವ ಎಗಾನ್ ಏಳು ಕಿಲೋ ಕೂಸನ್ನು ತೋಳು ಚಾಚಿ ದೂರ ಹಿಡಿದು ಕೂಗಿದ. “ಎಲ್ಲೂ ಹೋಗ್ಬೇಡ ಮಾರಾಯ್ತಿ! ನೀನ್ ಹೋದ್ರೆ ಇದನ್ನ ಯಾರು ನೋಡ್ತಾರೆ?”

ಗುನ್ವರ್ ನಿಂತರು.

“ಅದೇ ಮಾತು ಎಗಾನ್,” ಎಂದರು. “ಕ್ರಾಗೊದೋರೂ ಅದನ್ನೇ ಕೇಳ್ತಿರೋದು.”

ಗುನ್ವರ್ ಬಂದು ಕೂಸನ್ನು ಎತ್ತಿಕೊಂಡರು. ಅಪ್ಪ ಬರಲು ಹನ್ನೊಂದು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಏಳು ಜನ ಬನ್ನು ಮುಟ್ಟದೆ, ಕೂಸಿನ ಪ್ರತಿ ಕೆಮ್ಮಿಗೂ ಡಾಕ್ಟರ ಮುಖ ನೋಡುತ್ತ ಕೂತಿದ್ದರು. ಜನವರಿಯ ಎರಡು ದಿನ ತೀರಾ ಹೇಗೆ ಕಳೆದಿರಬೇಕೆಂದು ಗುನ್ವರ್ ಆಗ ಹೇಳಿದರು. ವರದಿಯಿಲ್ಲ, ಅಂಕಿಅಂಶವಿಲ್ಲ, ಬರೀ ಬಾಯಿಮಾತು.

ಇತ್ತ ಬೇಕರಿಯ ಮುಂದೆ ಕೂಸಿನ ಅಪ್ಪ ಅಸ್ಗರನದ್ದು ಇನ್ನೊಂದು ಕತೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರುಂಟು. ಈ ಪುಣ್ಯಾತ್ಮ ಕೂಸೇ ಇಲ್ಲದೆ ನೆಮ್ಮದಿಯಾಗಿ ನಿಂತು ಗಾಡಿ ತೂಗುತ್ತಿದ್ದ. “ಶ್‌, ಮೆಲ್ಲಗೆ! ಇವತ್ತು ಎಷ್ಟು ಚೆನ್ನಾಗಿ ಮಲಗಿದ್ದಾಳೆ” ಎಂದು ಓಡಿ ಬಂದ ಬೋಡಿಲ್‌ಳನ್ನೇ ಗದರಿದನಂತೆ. ಅವಳು ಕಂಬಳಿ ಎತ್ತಿ ತೋರಿಸಿದಳು. ಆಮೇಲೆ ಅವನು ಓಡಿದ ಓಟಕ್ಕೆ ಒಂದು ಚಪ್ಪಲಿ ಇನ್ನೂ ಸಿಕ್ಕಿಲ್ಲ. ಮಗಳು ರಗ್ನಾಳನ್ನು ಎದೆಗೊತ್ತಿಕೊಂಡು ಅತ್ತ. ಗುನ್ವರೂ ಅತ್ತರು, ಹತ್ತು ಸಲ ಕ್ಷಮೆ ಕೇಳಿದರು. ಕೊನೆಗೆ ಅವನೇ ಅವರಿಗೊಂದು ಬನ್ನು ತಿನ್ನಿಸಿ ಸಮಾಧಾನ ಮಾಡಿದ.

ಗುರುವಾರದ ಭೇಟಿ ಉಳಿಯಿತು. ಸದ್ಯಕ್ಕೆ ಎರಡು ವರ್ಷ. ಆಮೇಲೆ ಮತ್ತೆ ನೋಡೋಣ ಎಂದಿದೆ ಸಮಿತಿ. ಸಭೆಯ ನಡಾವಳಿಯಲ್ಲಿ ‘ಹಾಜರಿದ್ದವರು: ಏಳು ಸದಸ್ಯರು, ಒಬ್ಬ ವೈದ್ಯೆ, ಒಂದು ಶಿಶು’ ಎಂದು ಬೋಡಿಲ್ ಬರೆದಿದ್ದಾಳೆ.

ಹೊಲಿಗೆ ಕೋಣೆಯಲ್ಲಿ ವಿಲ್ಲಾಸ್ ಎದೆಯುಬ್ಬಿಸಿ ಉಸಿರೆಳೆದು ತೋರಿಸುತ್ತಿದ್ದಾನೆ. ಸ್ಟಿಕ್ಕರಿನ ಆಸೆಗೆ ಬೇಕಿದ್ದಕ್ಕಿಂತ ನಾಲ್ಕು ಸಲ ಹೆಚ್ಚಿಗೆ. ಇನ್ನೇನು ಬೇಕು ಡಾಕ್ಟ್ರೇ, ಎಂದು ಕೇಳುತ್ತೇನೆ.

“ನನ್ನ ವರದೀನ ಯಾರಾದ್ರೂ ಒಬ್ರು ಓದ್ಲಿ,” ಎನ್ನುತ್ತಾರೆ. “ಇನ್ನೂರು ಪುಟ ಕಣ್ರೀ! ಇಡೀ ಪ್ರಾಂತ್ಯದಲ್ಲಿ ಅದನ್ನ ಪ್ರೀತಿಯಿಂದ ತೂಗಿದೋನು ಅಸ್ಗರ್ ಒಬ್ಬನೇ. ಅವನೂ ಓದ್ಲಿಲ್ಲ.”

ಸಂಜೆಯ ಫೆರಿ ಕೂಗುತ್ತದೆ. ಗುನ್ವರ್ ತಕ್ಕಡಿ, ಪೆಟ್ಟಿಗೆ, ಪಟ್ಟಿ ಎಲ್ಲವನ್ನೂ ಗಾಡಿಗೆ ತುಂಬಿ ಕಂಬಳಿ ಹೊದಿಸುತ್ತಾರೆ. ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾರೆ. ಕಂಬಳಿ ಎತ್ತಿ ಒಳಗೆ ಇನ್ನೊಮ್ಮೆ ಇಣುಕುತ್ತಾರೆ.

“ನಲವತ್ತೊಂದು ಮಕ್ಕಳೂ ಅವರವರ ಮನೇಲೇ ಇದಾವೆ,” ಎನ್ನುತ್ತಾರೆ. “ನಡೀರಿ, ಹೋಗೋಣ.”